ಪ್ರಶಸ್ತಿಗಳನ್ನು ಕೊಟ್ಟು ಮಾವನನ್ನು ಬಿಡಿಸಿಕೊಂಡ ದಿನ

ಗಾಜಿನ ಪೆಟ್ಟಿಗೆಯ ಬಾಡಿಗೆ ಒಂಬತ್ತು ಸಾವಿರ ಬಿತ್ತು. ಹೆಣ ಕೆಡದಂತೆ ತಂಪಾಗಿಡುತ್ತಾರಲ್ಲ, ಆ ಪೆಟ್ಟಿಗೆ. ಮಾಮೂಲಿ ದರ ಮೂರೂವರೆ, ಮುಖಪರಿಚಯ ಇದ್ದರೆ ಮೂರಕ್ಕೇ ಬರುತ್ತದೆ. ನನಗೆ ಒಂಬತ್ತು ಯಾಕೆ ಬಿತ್ತೆಂದರೆ ಒಳಗಿದ್ದವರು ಸಿನಿಮಾ ನಟರು. ಪೆಟ್ಟಿಗೆ ತರಿಸಿದ್ದು ಕಲಾಭಿಮಾನಿಗಳ ಸಂಘದವರು. ದುಡ್ಡು ಕೇಳುವ ಹೊತ್ತಿಗೆ ಅವರೆಲ್ಲ ವೇದಿಕೆ ಏರಿ ಕುಳಿತಿದ್ದರು, ಪೆಟ್ಟಿಗೆಯವನ ಕೈಗೆ ಸಿಕ್ಕವನು ನಾನೊಬ್ಬನೇ. ಮೇಲಾಗಿ ಮುಖ ನೋಡಲು ಬಂದ ಜನ ಕೈ ಊರಿ ಊರಿ ಗಾಜಿನ ಒಂದು ಮೂಲೆ ಸೀಳಿತ್ತು. ಅವನು ಹನ್ನೆರಡು ಅಂದ, ನಾನು ಐದು ಅಂದೆ. ಒಳಗೆ ಹೆಣ ಇಟ್ಟುಕೊಂಡು ಹೊರಗೆ ಚೌಕಾಶಿ ಮಾಡಿದ ಅಂತ ನನ್ನನ್ನು ಆಡಿಕೊಂಡವರಿದ್ದಾರೆ. ಆಡಿಕೊಳ್ಳಲಿ. ಅವರಲ್ಲಿ ಒಬ್ಬರೂ ಉಳಿದ ಮೂರು ಸಾವಿರ ಕೊಡಲು ಮುಂದೆ ಬರುತ್ತಿರಲಿಲ್ಲ.

ನನ್ನದು ಗಂಗಾವತಿಯಲ್ಲಿ ಶಾಮಿಯಾನ ಅಂಗಡಿ. ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಚೀಲ ಹೊತ್ತು ಶುರು ಮಾಡಿದವನು ನಾನು. ಮೊದಲು ಒಂದು ಗಾಡಿಯಷ್ಟು ಹಳೆಯ ಕುರ್ಚಿ ಕೊಂಡೆ, ಆಮೇಲೆ ಮೈಕ್‌ಸೆಟ್, ಆಮೇಲೆ ವೇದಿಕೆಯ ಹಲಗೆ. ಈಗ ನಮ್ಮ ಜಿಲ್ಲೆಯಲ್ಲಿ ಮದುವೆಯಾಗಲಿ, ಸನ್ಮಾನವಾಗಲಿ, ನಾಲ್ಕು ಕಡೆ ನಡೆದರೆ ಒಂದು ಕಡೆಯಾದರೂ ನನ್ನ ಕುರ್ಚಿಯ ಮೇಲೆ ಜನ ಕೂತಿರುತ್ತಾರೆ. ಯಾರಿಗೆ ಯಾಕೆ ಸನ್ಮಾನ ಮಾಡುತ್ತಾರೆ, ಖರ್ಚು ಯಾರ ತಲೆಯ ಮೇಲೆ ಬರುತ್ತದೆ, ಹಣ್ಣಿನ ಬುಟ್ಟಿಯಲ್ಲಿ ಮೇಲಿನ ಸೇಬಿನ ಕೆಳಗೆ ಏನಿರುತ್ತದೆ, ಎಲ್ಲ ನನಗೆ ಗೊತ್ತು. ವೇದಿಕೆಯ ಮುಂದೆ ಕೂತವರಿಗೆ ಕಾಣದ್ದು ಹಿಂದೆ ನಿಂತವನಿಗೆ ಕಾಣುತ್ತದೆ.

ತೀರಿಹೋದ ನಟರು ನನ್ನ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನನ್ನೂ ಮಾವ ಅನ್ನುತ್ತೇವೆ. ಊರು ಯಲಬುರ್ಗಾ ಕಡೆಯ ತಳಕಲ್. ಹರೆಯದಲ್ಲಿ ನಾಟಕ ಕಂಪನಿ ಸೇರಿ ಊರೂರು ತಿರುಗಿ, ಅಲ್ಲಿಂದ ಸಿನಿಮಾಕ್ಕೆ ಹೋದರು. ಹೀರೋ ಆಗಲಿಲ್ಲ, ಹೀರೋನ ಅಪ್ಪ ಆದರು. ಗೌಡ, ಜಡ್ಜು, ಪಿಂಚಣಿ ಬಂದ ಮಾಸ್ತರ, ಮಗಳ ಮದುವೆಗೆ ಅಂಗಲಾಚುವ ಬಡವ, ಯಾವುದು ಕೊಟ್ಟರೂ ಮಾಡಿದರು. ಹೆಸರು ನೆನಪಿರದಿದ್ದರೂ ಮುಖ ಕಂಡರೆ ಇಡೀ ರಾಜ್ಯದ ಜನ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೈ ಮುಗಿಯುತ್ತಿದ್ದರು.

ಅವರಿಗೆ ಬಂದ ಮೊದಲ ಗೌರವ ಕುಷ್ಟಗಿಯ ಒಂದು ಯುವಕ ಸಂಘದ್ದು. ಹೆಸರು ಕೆತ್ತಿಸಿದ ಸ್ಟೀಲಿನ ಕೊಡ. ಅಕ್ಕ ಅದರಲ್ಲಿ ವರ್ಷಗಟ್ಟಲೆ ನೀರು ಹೊತ್ತಳು. ಆಮೇಲೆ ಗೋಡೆ ಗಡಿಯಾರಗಳು ಬಂದವು, ಒಂದೇ ಗೋಡೆಯ ಮೇಲೆ ಬೇರೆ ಬೇರೆ ಹೊತ್ತು ತೋರಿಸುತ್ತ ನೇತಾಡಿದವು. ಆಮೇಲೆ ಫಲಕಗಳು, ಬಂಗಾರದ ಬಣ್ಣದ ವಿಗ್ರಹಗಳು, ಜಿಲ್ಲೆಯ ಪ್ರಶಸ್ತಿ, ರಾಜ್ಯದ ಪ್ರಶಸ್ತಿ, ಕೊನೆಗೆ ಜೀವಮಾನದ ಸಾಧನೆಗೆ ಅಂತ ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ಭಾರದ್ದೊಂದು. ಪ್ರಶಸ್ತಿ ಅಂದರೆ ನನಗೇನೂ ಇಲ್ಲಪ್ಪಾ ಅನ್ನುವ ಜಾತಿಯಲ್ಲ ಮಾವ. ಅವರಿಗೆ ಅವು ಬೇಕಿದ್ದವು. ಬಂದ ರಾತ್ರಿ ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದರು. ನನ್ನದೇ ವೇದಿಕೆಯಿದ್ದರೆ ಮುಂಚೆಯೇ ಫೋನ್ ಮಾಡುತ್ತಿದ್ದರು: "ಏನಲೇ, ವೇದಿಕಿ ಒಂಚೂರು ಎತ್ತರ ಮಾಡು. ಹಿಂದ ನಿಂತ ಹೆಣ್ಮಕ್ಕಳಿಗೆ ನಾ ಕಾಣಬೇಕು."

ಸನ್ಮಾನ ಮಾಡಿಸಿಕೊಳ್ಳುವುದು ಸುಲಭದ ಕೆಲಸವಲ್ಲ ಅನ್ನುವುದು ಮಾಡಿಸಿಕೊಂಡವರಿಗೇ ಗೊತ್ತು. ಮೊದಲೇ ಶಾಲು ಹೊದಿಸಿದರೆ ಜನ ಎದ್ದು ಹೋಗುತ್ತಾರೆ ಅಂತ ಸಂಘಟಕರು ಅದನ್ನು ಕೊನೆಗಿಡುತ್ತಾರೆ. ಅಷ್ಟರತನಕ ಎಲ್ಲರ ಭಾಷಣ ಕೇಳುತ್ತ, ತಲೆಯ ಮೇಲೆ ಬಿಗಿ ಪೇಟ ಹೊತ್ತು, ಮುಖ ಗಂಟು ಹಾಕದೆ ಕೂತಿರಬೇಕು. ಮಾವನಿಗೆ ಸಕ್ಕರೆ ಕಾಯಿಲೆ ಬಂದಮೇಲೆ ಅಕ್ಕ ಅಂಗಿಯ ಜೇಬಿಗೆ ಶೇಂಗಾ ಹಾಕಿ ಕಳಿಸುತ್ತಿದ್ದಳು. ಯಾರೋ ಅವರನ್ನು ಆಕಾಶಕ್ಕೆ ಏರಿಸಿ ಹೊಗಳುತ್ತಿರುವಾಗ ಇವರು ಶಾಲಿನ ಮರೆಯಲ್ಲಿ ಶೇಂಗಾ ಮೆಲ್ಲುತ್ತಿದ್ದುದನ್ನು ನಾನು ಹಿಂದಿನಿಂದ ಎಷ್ಟೋ ಸಲ ನೋಡಿ ನಕ್ಕಿದ್ದೇನೆ.

ರಾಜ್ಯದ ಪ್ರಶಸ್ತಿ ಬಂದದ್ದು ಅವರು ಸತ್ತದ್ದಕ್ಕೆ. ಅಂದರೆ, ಚಿತ್ರದಲ್ಲಿ. ಮಕ್ಕಳ ಜಗಳ ನೋಡಲಾರದೆ ಹಾಸಿಗೆಯಲ್ಲೇ ಕಣ್ಣು ಮುಚ್ಚುವ ಮುದುಕನ ಪಾತ್ರ. ನಾವೆಲ್ಲ ಕುಷ್ಟಗಿಯ ಟಾಕೀಸಿಗೆ ಹೋಗಿದ್ದೆವು, ಮಾವನ ತಾಯಿಯೂ ಬಂದಿದ್ದರು. ಪರದೆಯ ಮೇಲೆ ಮಾವನನ್ನು ಚಾಪೆಯ ಮೇಲೆ ಉದ್ದಕ್ಕೆ ಮಲಗಿಸಿ, ಎತ್ತಿಕೊಂಡು ಹೋಗಿ ಕಟ್ಟಿಗೆಯ ಮೇಲಿಟ್ಟರು. ಜನ ಅಳುತ್ತಿದ್ದರು. ಆ ಮುದುಕಿ ಕತ್ತಲಲ್ಲೇ ಎದ್ದು ನಿಂತು ಗಟ್ಟಿಯಾಗಿ ಕೇಳಿದಳು: "ನಮ್ಮ ಹುಡುಗನ್ನ ಹಿಂಗ್ಯಾಕ ಒಗದಾರ? ಕೂಡಸಾಕ ಯಾರೂ ದಿಕ್ಕಿಲ್ಲೇನು ಅವಗ?"

ಟಾಕೀಸೆಲ್ಲ ನಕ್ಕಿತು. ನಾವು ನಗಲಿಲ್ಲ. ನಾವು ಲಿಂಗಾಯತರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಸುಡುವುದಿಲ್ಲ. ಜೀವ ಹೋದ ಕೂಡಲೇ ಕಾಲು ಮಡಚಿ ಗೋಡೆಗೆ ಆನಿಸಿ ಕೂಡಿಸುತ್ತೇವೆ. ವಿಭೂತಿ ಹಚ್ಚಿ, ಹೂವು ಹಾಕಿ, ಬದುಕಿದ್ದವರನ್ನು ಕೂಡಿಸಿದಂತೆಯೇ ಕೂಡಿಸಿ, ಕೂತಂತೆಯೇ ಎತ್ತಿ, ಕೂತಂತೆಯೇ ಮಣ್ಣು ಮಾಡುತ್ತೇವೆ. ಎಡಗೈಯಲ್ಲಿ ಲಿಂಗ ಇರಬೇಕು. ಇದಕ್ಕೆ ಒಂದೇ ತೊಡಕು, ತಡ ಮಾಡುವಂತಿಲ್ಲ. ಮೈ ಸೆಟೆಯಿತೆಂದರೆ ಕಾಲು ಮಡಚಲು ಬರುವುದಿಲ್ಲ.

ಆ ಚಿತ್ರದ ನಂತರ ಸಾಯುವ ಪಾತ್ರಕ್ಕೆಲ್ಲ ಮಾವನನ್ನೇ ಕರೆಯತೊಡಗಿದರು. ಸಾಯುವುದರಲ್ಲಿ ಇವರನ್ನು ಮೀರಿಸುವವರಿಲ್ಲ ಅಂತ ಹೆಸರೇ ಬಿತ್ತು. ತಾಯಿಯ ಮಾತು ಮಾತ್ರ ಅವರ ಎದೆಯಲ್ಲಿ ಕೂತುಬಿಟ್ಟಿತ್ತು. ಮುದುಕಿ ತೀರಿ, ಮಾವನಿಗೂ ವಯಸ್ಸಾಗಿ, ಮೂತ್ರಪಿಂಡ ಕೈಕೊಟ್ಟು, ಬೆಂಗಳೂರಿನ ಮನೆ ಬಿಟ್ಟು ತಳಕಲ್ಲಿಗೇ ಬಂದು ಉಳಿದಮೇಲೆ ಒಂದು ಮಧ್ಯಾಹ್ನ ನಾನಿದ್ದಾಗಲೇ ಮಾತು ತೆಗೆದರು. ಅಕ್ಕ ಗಂಜಿಯ ಬಟ್ಟಲು ಹಿಡಿದು ಕೂತಿದ್ದಳು.

"ಸಿನಿಮಾದಾಗ ಮಲಗಿ ಮಲಗಿ ಸಾಕಾಗೈತಿ. ಖರೇ ಹೋದಾಗ ನಮ್ಮವ್ವನ ಬಾಜೂಕ ಕೂಡಸ್ರಿ ನನ್ನ."

"ಬಿಡ್ತು ಅನ್ರಿ. ಉಣ್ಣೂ ಮುಂದ ಇದೆಂಥಾ ಮಾತು?"

"ನೀ ಹೂಂ ಅನ್ನು, ನಾ ಉಣತೀನಿ."

ಅಕ್ಕ ಬಟ್ಟಲು ಕೆಳಗಿಟ್ಟು, ಸೆರಗಿನಿಂದ ಅವರ ಬಾಯಿ ಒರೆಸಿ, ಹೂಂ ಅಂದಳು. ಅವರು ಉಂಡರು.

ಜೀವ ಹೋದದ್ದು ಕೊಪ್ಪಳದ ಆಸ್ಪತ್ರೆಯಲ್ಲಿ, ಬೆಳಕು ಹರಿಯುವ ಹೊತ್ತಿಗೆ. ಪಕ್ಕದಲ್ಲಿದ್ದವನು ಅವರ ಒಬ್ಬನೇ ಮಗ, ನನ್ನ ಅಳಿಯ. ಅವನು ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು, ಮಾತು ಕಡಿಮೆ. ನನಗೆ ಫೋನ್ ಬಂದ ಕೂಡಲೇ ಅಂಗಡಿಯ ವ್ಯಾನು ಹೊರಡಿಸಿದೆ. ಹಿಂದಿನ ದಿನದ ಕಾರ್ಯಕ್ರಮದ ಸಾಮಾನು ಇನ್ನೂ ಅದರಲ್ಲೇ ಇತ್ತು. ಇಳಿಸಲು ನಿಲ್ಲಲಿಲ್ಲ. ದಾರಿಯಲ್ಲಿ ಅಕ್ಕನ ಫೋನ್ ಬಂತು. ಅಳು ಆಗಲೇ ಒಣಗಿತ್ತು, ಬರೀ ಕೆಲಸದ ದನಿ.

"ತಮ್ಮಾ, ಗ್ವಾಡಿ ಒರೆಸೀನಿ, ಕೂಡಸಾಕ ಮಣಿ ಹಾಕೀನಿ. ಅಯ್ಯಾರು ಬಂದು ಕುಂತಾರ. ಮೈಯಾಗ ಬಿಸಿ ಇರೂದ್ರಾಗ ಕರಕೊಂಡು ಬಾ. ಕಾಲು ಮಡಚಬೇಕು."

"ಈಗ ಬಂದೆ ಅಕ್ಕಾ" ಅಂದೆ. ಗಿಣಿಗೇರಾ ದಾಟುವಾಗ ಅಳಿಯನ ಫೋನ್: "ಮಾಮಾ, ಆಸ್ಪತ್ರಿಗೆ ಬರಬ್ಯಾಡ. ಜನ ನೋಡಲಿ ಅಂತ ಅಪ್ಪನ್ನ ಸಂಘದವರ ಕೂಡ ಇಲ್ಲೇ ಮೈದಾನಕ್ಕ ತಂದೀವಿ."

ಮೈದಾನದಲ್ಲಿ ಆಗಲೇ ಬ್ಯಾನರ್ ಕಟ್ಟಿದ್ದರು. ಅಷ್ಟು ಬೇಗ ಎಲ್ಲಿ ಮುದ್ರಿಸಿದರು ಅಂತ ನನಗೇ ಆಶ್ಚರ್ಯ. ಆಸ್ಪತ್ರೆಗೆ ಸೇರಿಸಿದ ದಿನವೇ ಆರ್ಡರ್ ಕೊಟ್ಟಿದ್ದಾರೆ ಅಂತ ಆಮೇಲೆ ತಿಳಿಯಿತು. ಮಾವ ಗಾಜಿನ ಪೆಟ್ಟಿಗೆಯಲ್ಲಿ ಉದ್ದಕ್ಕೆ ಮಲಗಿದ್ದರು. ಎದೆಯ ಮೇಲೆ ಶಾಲು, ತಲೆಗೆ ಪೇಟ. ಪಕ್ಕದ ಕುರ್ಚಿಯಲ್ಲಿ ಅಳಿಯ ಹೊಸ ಬಿಳಿ ಅಂಗಿ ತೊಟ್ಟು, ಕಪ್ಪು ಪಟ್ಟಿ ಕಟ್ಟಿಕೊಂಡು ಕೂತಿದ್ದ. ಕಲಾಭಿಮಾನಿಗಳ ಸಂಘದ ಅಧ್ಯಕ್ಷರು ಮೈಕಿನಲ್ಲಿ ಸಾಲಾಗಿ ಬರಬೇಕೆಂದು ಜನರಿಗೆ ಹೇಳುತ್ತಿದ್ದರು. ನನಗೆ ಗುರುತಿನವರೇ. ಅವರ ಹತ್ತಾರು ಕಾರ್ಯಕ್ರಮಕ್ಕೆ ಪೆಂಡಾಲ್ ಹಾಕಿದ್ದೇನೆ. ತೋಳು ಹಿಡಿದು ಬದಿಗೆ ಕರೆದೆ.

"ಅಧ್ಯಕ್ಷರ, ಇವರನ್ನ ಕೂಡಸಬೇಕ್ರಿ. ಮೈ ಸೆಟದ್ರ ಮುಗೀತು. ಒಂದು ತಾಸು ಇಟ್ಕೊಳ್ರಿ, ಕಳಸಿಬಿಡ್ರಿ."

"ಒಂದು ತಾಸು ಎಲ್ಲಿ ಮಾತು? ಸರ್ಕಾರಿ ಗೌರವ ಐತಿ. ಪೊಲೀಸರು ಬಂದು ಗುಂಡು ಹಾರಸೂತನಕ ಎತ್ತಾಕ ಬರೂದಿಲ್ಲ."

"ಅವರು ಯಾವಾಗ ಬರ್ತಾರ?"

"ಆದೇಶ ಬಂದ ಕೂಡ್ಲೆ."

"ಆದೇಶ ಯಾವಾಗ ಬರತೈತ್ರಿ?"

"ಬಂದ ಕೂಡ್ಲೆ ಗೊತ್ತಾಕ್ಕೈತಲ್ಲ."

ಇಂಥವರ ಹತ್ತಿರ ದರ ಕಡಿಮೆ ಮಾಡಿಸುವುದು ಸುಲಭ, ಹೊತ್ತು ಕಡಿಮೆ ಮಾಡಿಸುವುದು ಕಷ್ಟ. ಅಳಿಯನ ಕಡೆ ತಿರುಗಿದೆ. "ನಿಮ್ಮವ್ವ ದಾರಿ ಕಾಯಾಕತ್ತಾಳ. ನಿಮ್ಮಪ್ಪ ಏನು ಹೇಳಿದ್ದ ಗೊತ್ತೈತಿಲ್ಲ?"

"ಗೊತ್ತೈತಿ ಮಾಮಾ. ಆದ್ರ ಇದೂ ಅಪ್ಪಗ ಬರಬೇಕಾದ ಮರ್ಯಾದಿನ. ಗೌರವ ಮುಗದ ಕೂಡ್ಲೆ ಒಯ್ಯೂಣು. ಬಂದದ್ದನ್ನ ಬಿಟ್ಟು ಹೋದ್ರ ಜನ ಏನಂದಾರು?"

ಅವನ ಮೇಲೆ ಸಿಟ್ಟು ಬಂತು, ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಪ್ಪನ ಸನ್ಮಾನಗಳಿಗೆ ಅವನು ಹೋದಾಗಲೆಲ್ಲ ಹೊದಿಸಿದ ಶಾಲು, ಕೊಟ್ಟ ಬುಟ್ಟಿ ಹಿಡಿದುಕೊಂಡು ಕೆಳಗೆ ನಿಲ್ಲುವುದೇ ಅವನ ಕೆಲಸ. ಒಂದು ಸಲ ಒಬ್ಬ ಸಂಘಟಕರು ಅವನನ್ನು ಡ್ರೈವರ್ ಅಂದುಕೊಂಡು ಗಾಡಿ ತಿರುಗಿಸಲು ಹೇಳಿದ್ದನ್ನು ನಾನೇ ಕೇಳಿದ್ದೆ. ಆ ಬೆಳಿಗ್ಗೆ ಅವನನ್ನು ಕೈ ಹಿಡಿದು ಕರೆದು ಕುರ್ಚಿ ಕೊಟ್ಟಿದ್ದರು. ಅಪ್ಪನ ಪಕ್ಕದಲ್ಲಿ ಅವನಿಗೆ ಸಿಕ್ಕ ಮೊದಲ ಕುರ್ಚಿ.

ಹೊತ್ತು ಏರಿತು. ಜನ ಬಂದರು, ಗಾಜಿಗೆ ಮುಖ ಒತ್ತಿದರು, ಫೋನ್ ಎತ್ತಿ ಫೋಟೋ ತೆಗೆದುಕೊಂಡರು. ಪೇಪರಿನವರು ಕ್ಯಾಮೆರಾ ಹಿಡಿದು ಬಂದಾಗ ಪೆಟ್ಟಿಗೆಯ ಸುತ್ತ ಬೋಳುಬೋಳಾಗಿ ಕಾಣುತ್ತದೆ, ಪ್ರಶಸ್ತಿಗಳನ್ನು ಜೋಡಿಸಬೇಕು ಅನ್ನುವುದು ಅಧ್ಯಕ್ಷರ ತಲೆಗೆ ಬಂತು. ತಳಕಲ್ಲಿಗೆ ಜೀಪು ಕಳಿಸಿದರು. ಮನೆಗೆ ಹೋಗಲು ಗಾಡಿ ಇತ್ತು, ಪೆಟ್ರೋಲು ಇತ್ತು, ಜನ ಇದ್ದರು. ಮಾವ ಮಾತ್ರ ಅದರಲ್ಲಿ ಇರಲಿಲ್ಲ.

ಅಲ್ಲಿ ಏನಾಯಿತೆಂದು ಅಕ್ಕ ಆಮೇಲೆ ಹೇಳಿದಳು. "ಜೀಪಿನ ಸಪ್ಪಳ ಕೇಳಿ ಬಂದ್ರು ಅಂತ ಬಿಸಿನೀರು ತೊಗೊಂಡು ಅಂಗಳಕ್ಕ ಓಡಿ ಬಂದೆ. ಇಳದವರು ಇಬ್ಬರು. ಅವ್ವಾರ, ಶೋಕೇಸಿನ ಕೀಲಿ ಕೊಡ್ರಿ ಅಂದ್ರು." ಅವಳು ಕೀಲಿ ಕೊಡಲಿಲ್ಲ. ತಾನೇ ತೆರೆದು, ಒಂದೊಂದಾಗಿ ಇಳಿಸಿ, ಒಡೆಯದ ಹಾಗೆ ತನ್ನ ಹಳೆಯ ಸೀರೆಗಳಲ್ಲಿ ಸುತ್ತಿ ಕಳಿಸಿದಳು. ಗೋಡೆಯ ಗಡಿಯಾರಗಳನ್ನೂ ಬಿಚ್ಚಿದಳು. ಆಮೇಲೆ ನನಗೆ ಫೋನ್ ಮಾಡಿದಳು.

"ಒಂದೂ ಉಳಿಸಿಲ್ಲ, ಎಲ್ಲಾ ಕಳಿಸೀನಿ. ಅವನ್ನೆಲ್ಲ ನೀವ ಇಟ್ಕೊಳ್ರಿ, ಅವರನ್ನಷ್ಟು ಕೊಡ್ರಿ ಅನ್ನು ತಮ್ಮಾ. ವ್ಯಾಪಾರ ನಿನಗ ಗೊತ್ತೈತಿ. ಮಾಡಿ ಮುಗಿಸು."

ಅದುವರೆಗೆ ನಾನು ಬೇಡುತ್ತಿದ್ದೆ. ಬೇಡುವವನಿಗೆ ಯಾರೂ ಏನೂ ಬಿಟ್ಟುಕೊಡುವುದಿಲ್ಲ. ಎದುರಿನವನಿಗೆ ನಿಜವಾಗಿ ಏನು ಬೇಕು ಅಂತ ನೋಡಬೇಕಿತ್ತು. ಅಧ್ಯಕ್ಷರಿಗೆ ಬೇಕಾದದ್ದು ಹೆಣವಲ್ಲ. ಮಧ್ಯಾಹ್ನ ಬರಲಿರುವ ದೊಡ್ಡವರು ಮಾಲೆ ಹಾಕಲು ಒಂದು ಜಾಗ, ಫೋಟೋಕ್ಕೆ ಒಂದು ನೋಟ, ಮಾತಾಡಲು ಒಂದು ಮೈಕು. ಅಷ್ಟೂ ನನ್ನ ವ್ಯಾನಿನಲ್ಲಿತ್ತು. ಪೆಟ್ಟಿಗೆಯವನು ಬೇರೆ ನನ್ನ ಕಿವಿಯಲ್ಲಿ ಹೇಳಿದ್ದ: "ಸಾವ್ಕಾರ್ರ, ಲಗೂನ ಎತ್ರಿ. ಬಿಸಿಲಿಗೆ ಮಶೀನು ತಡೆಯಂಗಿಲ್ಲ."

ಅಧ್ಯಕ್ಷರ ಹತ್ತಿರ ಹೋದೆ. "ನೋಡ್ರಿ, ಮಧ್ಯಾಹ್ನದ ಬಿಸಿಲಿಗೆ ಹೆಣ ತಡೆಯೂದಿಲ್ಲ, ಪ್ರಶಸ್ತಿ ತಡೀತಾವ. ನಾ ಇಲ್ಲಿ ಮೆಟ್ಟಲು ಮೆಟ್ಟಲಾಗಿ ಕಟ್ಟಿ ಕೆಂಪು ಮಖಮಲ್ ಹಾಸಿಕೊಡ್ತೀನಿ. ಎಲ್ಲಾ ಪ್ರಶಸ್ತಿ ಏರಸ್ರಿ, ನಡುವ ದೊಡ್ಡ ಫೋಟೋ ಇಡ್ರಿ. ದೊಡ್ಡವರು ಅದಕ್ಕ ಮಾಲಿ ಹಾಕಲಿ. ಪೇಪರಿನಾಗ ಏನು ಚಂದ ಕಾಣತೈತಿ ನೀವ ಹೇಳ್ರಿ. ಬಾಡಿಗಿ ಒಂದು ರೂಪಾಯಿ ಬ್ಯಾಡ. ಮೈಕೂ ಫುಕಟ್."

ಅವರು ಪೆಟ್ಟಿಗೆ ನೋಡಿದರು, ಆಗತಾನೆ ಇಳಿಸುತ್ತಿದ್ದ ಸೀರೆಯ ಗಂಟುಗಳನ್ನು ನೋಡಿದರು. "ಮನಿಯವರು ಯಾರೂ ಇರಲಿಲ್ಲ ಅಂದ್ರ ಹೆಂಗ? ಬಂದವರು ಯಾರಿಗೆ ಸಮಾಧಾನ ಹೇಳಬೇಕು?"

ಅಳಿಯ ಕುರ್ಚಿಯಿಂದ ಎದ್ದ. ಅವರವ್ವನ ಸೀರೆಯೊಂದನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. "ನಾ ಇರ್ತೀನ್ರಿ. ಮಾಮಾ, ನೀ ಅಪ್ಪನ್ನ ಒಯ್ಯಿ. ಲಗೂ ಹೋಗು."

ಹಾಗೆ ಆ ದಿನ ಪ್ರಶಸ್ತಿಗಳನ್ನೂ ಮಗನನ್ನೂ ಅಡವಿಟ್ಟು ಮಾವನನ್ನು ಬಿಡಿಸಿಕೊಂಡೆ. ಪೆಟ್ಟಿಗೆಯವನ ಲೆಕ್ಕ ಮುಗಿಸಿ ಆಂಬುಲೆನ್ಸಿಗೆ ಎತ್ತುವಾಗ ಭುಜ ಹಿಡಿದ ನನಗೆ ಗೊತ್ತಾಯಿತು. ನಾಲ್ಕು ಜನ ನಾಲ್ಕು ಕಡೆ ಹಿಡಿದರೂ ಮೈ ನಡುವೆ ಬಾಗಲಿಲ್ಲ. ವೇದಿಕೆಯ ಹಲಗೆ ಎತ್ತಿದಂತೆ ಇತ್ತು. ತಳಕಲ್ ಮುಟ್ಟುವವರೆಗೂ ಮಾವನ ಮೊಣಕಾಲು ಹಿಡಿದುಕೊಂಡೇ ಕೂತೆ, ನನ್ನ ಅಂಗೈಯ ಬಿಸಿಗೆ ಏನಾದರೂ ಆದೀತು ಅನ್ನುವ ಹಾಗೆ.

ಮನೆಯಲ್ಲಿ ಎಲ್ಲ ಸಿದ್ಧವಿತ್ತು. ಗೋಡೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಅದರ ಕೆಳಗೆ ಮಣೆ. ಎದುರಿನ ಶೋಕೇಸು ಬಾಗಿಲು ತೆರೆದುಕೊಂಡು ಖಾಲಿ ನಿಂತಿತ್ತು. ಅಯ್ಯನವರು, ಅಂದರೆ ನಮ್ಮ ಸಾವು ಬದುಕಿಗೆಲ್ಲ ಮುಂದೆ ನಿಂತು ವಿಧಿ ಮಾಡಿಸುವ ಜಂಗಮರು, ಮಾವನ ಮೊಣಕಾಲು ಮುಟ್ಟಿ ನೋಡಿ ನನ್ನ ಮುಖ ನೋಡಿದರು. ಹಂಡೆಯ ಬಿಸಿನೀರು ತರಿಸಿದರು. ಬಟ್ಟೆ ಅದ್ದಿ ಅದ್ದಿ ಕೀಲುಗಳ ಮೇಲೆ ಇಟ್ಟರು, ಎಣ್ಣೆ ತಿಕ್ಕಿದರು. ಊರಿನ ಗಟ್ಟಿಮುಟ್ಟಾದವರು ಇಬ್ಬರು ತೊಡೆ ಹಿಡಿದರು, ಇಬ್ಬರು ಕಾಲು ಹಿಡಿದರು. ನಾನು ಬೆನ್ನ ಹಿಂದೆ ಕೂತು ಎತ್ತಿ ಹಿಡಿದೆ.

"ಇನ್ನಷ್ಟು ಒತ್ರಿ" ಅಂದರು ಒಬ್ಬ ಹಿರಿಯರು.

ಒತ್ತಿದರು. ಬಲ ಮೊಣಕಾಲಿನಲ್ಲಿ ಒಂದು ಸದ್ದಾಯಿತು. ದೊಡ್ಡದೇನಲ್ಲ. ಮನೆ ತುಂಬ ಜನ ಇದ್ದರೂ ಆ ಸದ್ದು ಎಲ್ಲರಿಗೂ ಕೇಳಿಸಿತು.

ಅಕ್ಕ ಒಳಗಿನಿಂದ ಬಂದಳು. "ಬಿಡ್ರಿ. ಬಿಡ್ರಿ ಅಂದೆ. ನೋಯಾಕತ್ತೈತಿ."

"ಯವ್ವಾ, ಹೋದವರಿಗೆ ನೋವೆಲ್ಲಿದು?" ಅಂದರು ಹಿರಿಯರು.

"ನಾ ಅದೀನಲ್ಲರಿ ಇನ್ನ."

ಯಾರೂ ಮತ್ತೆ ಕಾಲು ಮುಟ್ಟಲಿಲ್ಲ. ಅಕ್ಕ ಮಣೆಯನ್ನು ತಾನೇ ಎತ್ತಿ ಒಳಗಿಟ್ಟು ಬಂದಳು. ಬಿಳಿ ಬಟ್ಟೆ ಬಿಚ್ಚಿ ನೆಲಕ್ಕೆ ಹಾಸಿದಳು. ಮಾವನನ್ನು ಅದರ ಮೇಲೆ ಉದ್ದಕ್ಕೆ ಮಲಗಿಸಿದೆವು. ಅಯ್ಯನವರು ಹಣೆಗೆ ವಿಭೂತಿ ಹಚ್ಚಿ, ಮಲಗಿದವರಿಗೆ ಆಗುವಷ್ಟು ವಿಧಿ ಮಾಡಿದರು. ಎಡಗೈಯಲ್ಲಿ ಲಿಂಗ ಇಡುವಾಗ ಬೆರಳು ಮಡಚಲಿಲ್ಲ. ಅಕ್ಕ ಸೆರಗಿನ ಅಂಚು ಹರಿದು ಅದನ್ನು ಅಂಗೈಗೆ ಕಟ್ಟಿದಳು. ಕಟ್ಟುವಾಗ ಅವಳ ತುಟಿ ಅಲುಗುತ್ತಿತ್ತು. ಮಂತ್ರವೋ, ಮಾತು ತಪ್ಪಿದ್ದಕ್ಕೆ ಗಂಡನಿಗೆ ಹೇಳುತ್ತಿದ್ದ ಸಮಾಧಾನವೋ, ನಾನು ಕೇಳಲಿಲ್ಲ.

ಹೊಲದಲ್ಲಿ ಮಾವನ ತಾಯಿಯನ್ನು ಮಣ್ಣು ಮಾಡಿದ ಗದ್ದುಗೆಯ ಪಕ್ಕ ಬೆಳಿಗ್ಗೆಯೇ ಗುಣಿ ತೆಗೆದಿದ್ದರು. ಕೂತವರಿಗೆ ತಕ್ಕ ಗುಣಿ, ಚೌಕಾಗಿ ಆಳವಾಗಿ. ಮಲಗಿದವರಿಗೆ ಅದು ಸಾಲುವುದಿಲ್ಲ. ಹೊತ್ತು ಇಳಿಯುತ್ತಿತ್ತು. ಕೈಕಾಲು ತೊಳೆದುಕೊಂಡು ಕೂತಿದ್ದವರು ಮತ್ತೆ ಗುದ್ದಲಿ ಎತ್ತಿ ಉದ್ದ ಮಾಡತೊಡಗಿದರು. ಕೆಳಗೆ ಗಟ್ಟಿ ಗರಸು, ಗುದ್ದಲಿ ಜಾರುತ್ತಿತ್ತು. ಬಂದ ಮಂದಿ ಬದುವಿನ ಮೇಲೆ ಸಾಲಾಗಿ ಕೂತು ಅಗೆಯುವುದನ್ನು ನೋಡುತ್ತಿದ್ದರು.

ಆಗ ಪೊಲೀಸ್ ವ್ಯಾನು ಬಂತು. ಹಿಂದೆ ಅಧ್ಯಕ್ಷರ ಕಾರು, ಅದರಲ್ಲಿ ಅಳಿಯ. ಪೊಲೀಸರು ಇಳಿದು ಬಂದೂಕು ಹಿಡಿದು ಒಂದು ಕಡೆ ನಿಂತರು. ಅವರೊಡನೆ ಬಂದಿದ್ದ ಅಧಿಕಾರಿ, ವಯಸ್ಸಾದವರು, ಗುಣಿಯ ಕಡೆ ನೋಡಿ ನನ್ನನ್ನು ಕೇಳಿದರು: "ಇನ್ನೂ ತೆಗೀಲಿಕತ್ತೀರಲ್ಲ, ನಾವೇ ತಡ ಆತೇನೋ ಅಂತ ಗಾಬರಿಯಾಗಿ ಬಂದ್ವಿ."

"ನಿಮ್ಮ ಆದೇಶ ಈಗ ಬಂತೇನ್ರಿ?" ಅಂದೆ.

"ಈಗಲ್ಲರಿ. ಬೆಳಿಗ್ಗೇನ ಬಂದಿತ್ತು. ಊರಿಗೇ ಹೋಗಿ, ಮಣ್ಣು ಮಾಡೂ ಜಾಗದಾಗ ಗೌರವ ಕೊಡ್ರಿ, ಸಂಜಿ ಒಳಗ ಅಂತ. ಸಂಘದವರಿಗೂ ಫೋನ್ ಮಾಡಿ ಹೇಳಿದ್ವಲ್ಲ."

ನಾನು ಅಧ್ಯಕ್ಷರ ಕಡೆ ನೋಡಿದೆ. ಅವರು ಕಾರಿನ ಹತ್ತಿರವೇ ನಿಂತು ಯಾರಿಗೋ ಫೋನ್ ಹಚ್ಚಿದ್ದರು. ಅಳಿಯನೂ ಕೇಳಿಸಿಕೊಂಡಿದ್ದ. ಅವನು ಅಧ್ಯಕ್ಷರ ಕಡೆ ತಿರುಗಲಿಲ್ಲ. ತೋಳಿನ ಕಪ್ಪು ಪಟ್ಟಿ ಕಿತ್ತು ಬದುವಿನ ಮೇಲೆ ಇಟ್ಟು, ಆ ಹೊಸ ಅಂಗಿಯಲ್ಲೇ ಗುಣಿಗೆ ಇಳಿದು, ಒಳಗಿದ್ದವನ ಕೈಯಿಂದ ಗುದ್ದಲಿ ತೆಗೆದುಕೊಂಡ. ಯಾರು ಕರೆದರೂ ಮೇಲೆ ಬರಲಿಲ್ಲ. ಅಪ್ಪನ ಉದ್ದ ಅವನಿಗೆ ಗೊತ್ತಿತ್ತು. ಅಷ್ಟಾಗುವವರೆಗೆ ಅಗೆದ.

ಗುಂಡು ಹಾರಿಸಿದರು. ಜಾಲಿ ಗಿಡದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು, ಹೆಂಗಸೊಬ್ಬಳ ಕಂಕುಳಿನ ಕೂಸು ಚೀರಿತು. ಅಕ್ಕ ತಲೆ ಎತ್ತಲಿಲ್ಲ. ಮಾವನನ್ನು ಇಳಿಸುವಾಗ ಅವಳು ತಗ್ಗಿದ ದನಿಯಲ್ಲಿ ಅತ್ತೆಯ ಗದ್ದುಗೆಗೆ ಹೇಳಿದ್ದು ಮಾತ್ರ ನನಗೆ ಕೇಳಿಸಿತು: "ಅತ್ತೀ, ಮಲಗಿಸೀವಿ. ಬೈಬ್ಯಾಡ್ರಿ."

ಪ್ರಶಸ್ತಿಗಳು ಮೈದಾನದಿಂದ ಬರಲು ಬಹಳ ದಿನ ಹಿಡಿಯಿತು. ನಾನು ಫೋನ್ ಮಾಡಿ, ಆಮೇಲೆ ಹೋಗಿ ಕೂತು, ಕೊನೆಗೆ ಗೋಣಿಚೀಲದಲ್ಲಿ ತುಂಬಿಸಿಕೊಂಡು ಬಂದೆ. ಕೆಲವು ಇರಲಿಲ್ಲ. ರಾಜ್ಯದ ಪ್ರಶಸ್ತಿಯ ವಿಗ್ರಹದ ಒಂದು ಕೈ ಮುರಿದಿತ್ತು. ಅಕ್ಕ ಚೀಲದ ಬಾಯಿ ಬಿಚ್ಚಿ ಒಳಗೆ ನೋಡಿ ಕೇಳಿದ್ದು ಇಷ್ಟೇ: "ನನ್ನ ಸೀರಿ ಎಲ್ಲಿ?" ಸೀರೆಗಳು ಬಂದಿರಲಿಲ್ಲ. ಚೀಲವನ್ನು ಜೋಳದ ಚೀಲದ ಪಕ್ಕ ಇರಿಸಿದಳು. ಈಗಲೂ ಅಲ್ಲೇ ಇದೆ. ಮನೆಗೆ ಬಂದ ಅಭಿಮಾನಿಗಳು ಪ್ರಶಸ್ತಿ ನೋಡಬೇಕು ಅಂದರೆ ಅಳಿಯ ಹೊಲದ ದಾರಿ ತೋರಿಸುತ್ತಾನೆ.

ಮರುವರ್ಷ ಮರಣೋತ್ತರ ಗೌರವ ಅಂತ ಇನ್ನೊಂದು ಬಂತು. ಬೇರೊಂದು ಸಂಘದವರು ಗಂಗಾವತಿಯಲ್ಲಿ ದೊಡ್ಡ ಸಭೆ ಮಾಡುತ್ತೇವೆ, ಅವ್ವನವರು ವೇದಿಕೆಗೆ ಬರಬೇಕು ಅಂದರು. ಅಕ್ಕ ಫೋನನ್ನು ನನ್ನ ಕೈಗೆ ಕೊಡದೆ ತಾನೇ ಮಾತಾಡಿದಳು. "ಕೊಡೂದಿದ್ರ ಮನಿಗೆ ಬರ್ರಿ. ಚಾ ಕುಡದು ಹೋಗೀರಿ." ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ಅಂಗಳದಲ್ಲೇ ಕೊಟ್ಟರು, ಚಹಾ ಕುಡಿದರು, ಹೋದರು. ನನ್ನ ದಂಧೆಗೆ ಒಂದು ಪೆಂಡಾಲಿನ ನಷ್ಟ. ಆದರೆ ಆ ದಿನ ನಾನು ಕಲಿತದ್ದನ್ನು ಅದಕ್ಕಿಂತ ಮುಂಚೆ ಯಾರಾದರೂ ಕಲಿಸಿದ್ದರೆ ನೂರು ಪೆಂಡಾಲು ಬಿಟ್ಟುಕೊಡುತ್ತಿದ್ದೆ.

ಅದಕ್ಕೇ ನಿಮಗೆ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ನಾಲ್ಕು ಜನ ಗುರುತಿಸುವಂಥವರು ಇರಬಹುದು. ನಟರೇ ಆಗಬೇಕಿಲ್ಲ. ಮಾಸ್ತರರಿರಲಿ, ಭಜನೆ ಹಾಡುವವರಿರಲಿ, ಮಾಜಿ ಮೆಂಬರಿರಲಿ. ಅವರು ಹಾಸಿಗೆ ಹಿಡಿದಾಗಲೇ ಕೂತು ಕೇಳಿಕೊಳ್ಳಿ, ಹೇಗೆ ಕಳಿಸಿಕೊಡಬೇಕು ಅಂತ. ಅಪಶಕುನ ಅಂತ ನಾಚಬೇಡಿ. ಕೇಳಿದ್ದನ್ನು ಮನೆಯ ಹೆಣ್ಣುಮಕ್ಕಳಿಗಷ್ಟೇ ಬಿಡಬೇಡಿ. ಆಸ್ಪತ್ರೆಯಲ್ಲಿ ಪಕ್ಕ ಕೂರುವವರು ಯಾರೋ, ಅವರ ತಲೆಗೆ ಚೆನ್ನಾಗಿ ಹಾಕಿ. ಹೊರಗಿನವರ ಮೊದಲ ಮಾತು ಬೀಳುವುದು ಅವರ ಕಿವಿಗೇ. ಅವರಿಗೆ ಮೊದಲೇ ಮನೆಯಲ್ಲಿ ಒಂದು ಕುರ್ಚಿ ಕೊಟ್ಟಿಡಿ, ಆಗ ಬೇರೆಯವರ ಕುರ್ಚಿಗೆ ಅವರು ಸೋಲುವುದಿಲ್ಲ.

ಗೌರವ ಕೊಡುತ್ತೇವೆ ಅಂತ ಬಂದವರಿಗೆ ಬೇಡ ಅನ್ನಬೇಡಿ, ಜಗಳವಾಗುತ್ತದೆ, ಜಗಳಕ್ಕೆ ಹೊತ್ತು ಹೋಗುತ್ತದೆ. ಊರಿಗೆ ಬರ್ರಿ, ಇಂಥ ಹೊಲಕ್ಕೆ ಬರ್ರಿ ಅನ್ನಿ. ಶಾಲಿಗೂ ಹಾರಕ್ಕೂ ಬಂದೂಕಿಗೂ ಗಾಡಿ ಇರುತ್ತದೆ, ಅವು ನೀವಿದ್ದಲ್ಲಿಗೆ ಬರುತ್ತವೆ. ಸರ್ಕಾರಿ ಗೌರವ ಅಂತ ಯಾರಾದರೂ ಹೇಳಿದರೆ ನಡುವಿನವರನ್ನು ಕೇಳಬೇಡಿ, ನೇರ ಕಚೇರಿಗೇ ಒಬ್ಬರನ್ನು ಓಡಿಸಿ, ಎಲ್ಲಿಗೆ ಯಾವಾಗ ಬರುತ್ತೀರಿ ಅಂತ ಬಾಯಿಂದಲೇ ಕೇಳಿಸಿಕೊಂಡು ಬರಲಿ. ಮತ್ತೆ ನಮ್ಮ ಹಾಗೆ ಕೂಡಿಸುವವರು ನೀವಾಗಿದ್ದರೆ ಆಂಬುಲೆನ್ಸನ್ನು ದಾರಿಯಲ್ಲಿ ಎಲ್ಲೂ ನಿಲ್ಲಿಸಗೊಡಬೇಡಿ. ಮೊದಲು ಮನೆ ಮುಟ್ಟಿ, ಕಾಲು ಮಡಚಿ, ಬೆನ್ನಿಗೆ ಗೋಡೆ ಕೊಟ್ಟು ಕೂಡಿಸಿ. ಊರಿಗೆಲ್ಲ ಫೋನ್ ಮಾಡುವುದು ಆಮೇಲೆ.